ಮುಖ ಗೊತ್ತು, ಹೆಸರು ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ಪೋಷಕ ನಟರು ತೀರಿಕೊಂಡಾಗಲೆಲ್ಲ ‘ನೂರಾರು ಚಿತ್ರಗಳಲ್ಲಿ ನಟಿಸಿದ್ದರು’ ಎಂಬ ಒಂದೇ ಸಾಲಿನಲ್ಲಿ ಇಡೀ ಬದುಕನ್ನು ಮುಗಿಸಿಬಿಡುತ್ತೇವೆ. ಎಣಿಕೆಯೇ ಹೊಗಳಿಕೆ!

ಅಮೆರಿಕದ ಥೆಲ್ಮಾ ರಿಟರ್ ಅವರನ್ನೇ ನೋಡಿ. ರಂಗಭೂಮಿ, ರೇಡಿಯೊಗಳಲ್ಲಿ ಪಳಗಿದ ಆಕೆ 1947ರಲ್ಲಿ ತೆರೆಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಮಗನಿಗೆ ಆಟಿಕೆ ಹುಡುಕಿ ಹುಡುಕಿ ಕಾಲು ಸೋತ ತಾಯಿಯ ಪುಟ್ಟ ಪಾತ್ರ. ಕಲಾವಿದರ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಮುಂದೆ ಪೋಷಕ ನಟಿ ವಿಭಾಗದಲ್ಲಿ ಆರು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲಲಿಲ್ಲ. 1958ರಲ್ಲಿ ಟೋನಿ ಪ್ರಶಸ್ತಿ ಕೊಟ್ಟದ್ದು ರಂಗಭೂಮಿಯೇ, ಅದೂ ಸಹನಟಿಯೊಬ್ಬರ ಜೊತೆ ಹಂಚಿಕೆಯಲ್ಲಿ. ಅಂದಹಾಗೆ, ಆಸ್ಕರ್‌ನವರು ಆರಂಭದ ವರ್ಷಗಳಲ್ಲಿ ಪೋಷಕ ಕಲಾವಿದರಿಗೆ ಪೂರ್ಣ ಪ್ರತಿಮೆ ಕೊಡದೆ ಬರಿಯ ಫಲಕ ಕೊಟ್ಟು ಕಳಿಸುತ್ತಿದ್ದರು.

ಸಭಾಂಗಣದ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ದನಿಯನ್ನು ಕ್ಯಾಮೆರಾದ ಮುಂದೆ ಪಿಸುಮಾತಿಗೆ ಇಳಿಸುವುದು, ನಾಯಕ ಮಾತನಾಡುವಾಗ ಸುಮ್ಮನೆ ಕೇಳಿಸಿಕೊಳ್ಳುವುದು ಹುಡುಗಾಟವಲ್ಲ. ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ.

ಇನ್ನು ಮುಂದೆ ಇಂಥವರ ಬಗ್ಗೆ ಬರೆಯುವಾಗ ಚಿತ್ರಗಳ ಸಂಖ್ಯೆಯ ಬದಲು ಒಂದೇ ಒಂದು ದೃಶ್ಯವನ್ನಾದರೂ ವಿವರಿಸಬೇಕೆಂದು ಕೋರುತ್ತೇನೆ. ಫೋಟೊದ ಕೆಳಗೆ ಹೆಸರನ್ನು ತಪ್ಪಿಲ್ಲದೆ ಅಚ್ಚುಹಾಕಿದರೆ ಇನ್ನೂ ಸಂತೋಷ.

— ಒಬ್ಬ ಓದುಗ