ಮಗಳಿಗೊಂದು ಪತ್ರ: ಕ್ಯಾಲಿಪರ್ ಬದಲಿಸುವ ಮುಂಚೆ

ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಬೈಕಿನ ಮುಂದಿನ ಚಕ್ರದ ಎರಡು ಪಿಸ್ಟನ್ನಿನ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಭಾಗ) ತೆಗೆದು, ತಂದಿಟ್ಟುಕೊಂಡಿರುವ ನಾಲ್ಕು ಪಿಸ್ಟನ್ನಿನದನ್ನು ಕೂರಿಸಬೇಕು ಅಂತಿದ್ದೀಯ. ಕೂರಿಸು, ನಿನ್ನ ಕೈಯಲ್ಲಿ ಆಗುವ ಕೆಲಸವೇ. ಆದರೆ ಸ್ಪ್ಯಾನರ್ ಮುಟ್ಟುವ ಮುಂಚೆ ವರ್ನಿಯರ್ ಮತ್ತು ಕಾಗದ ತಗೊಂಡು ಕೂರು.

ಪಿಸ್ಟನ್ ಎಷ್ಟಿವೆ ಅಂತ ಎಲ್ಲರೂ ಎಣಿಸುತ್ತಾರೆ. ಬ್ರೇಕಿಗೆ ಬೇಕಿರುವುದು ಅವುಗಳ ವಿಸ್ತೀರ್ಣ, ಅದೂ ಲಿವರ್ ಒತ್ತಿದಾಗ ಆಯಿಲನ್ನು ಕ್ಯಾಲಿಪರಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ವಿಸ್ತೀರ್ಣಕ್ಕೆ ಹೋಲಿಸಿದರೆ ಎಷ್ಟು ಪಟ್ಟು ಅನ್ನುವುದು. ನಿನ್ನ ಹಳೆಯದು ಜಾರುವ ಕ್ಯಾಲಿಪರ್, ಪಿಸ್ಟನ್‌ಗಳು ಒಂದೇ ಕಡೆ ಇವೆ. ಹೊಸದು ಅಲುಗಾಡದ್ದು, ಎರಡೂ ಕಡೆ ಎರಡೆರಡು. ಹಾಗಾಗಿ ಹೊಸದರಲ್ಲಿ ಒಂದು ಕಡೆಯ ಎರಡನ್ನು ಮಾತ್ರ ಲೆಕ್ಕಕ್ಕೆ ತಗೋ. ನಾಲ್ಕನ್ನೂ ಕೂಡಿದರೆ ಲೆಕ್ಕ ದುಪ್ಪಟ್ಟಾಗಿ ದಾರಿ ತಪ್ಪುತ್ತೆ. ಹೋಲಿಕೆಗೆ ಪೈ ಬೇಕಿಲ್ಲ, ವ್ಯಾಸದ ವರ್ಗ ಸಾಕು. ಹಳೆಯದರಲ್ಲಿ 27 ಮಿ.ಮೀ. ಪಿಸ್ಟನ್ ಎರಡು ಅಂದರೆ 729 + 729 = 1458. ಹೊಸದರಲ್ಲಿ 30 ಮತ್ತು 34 ಅಂದರೆ 900 + 1156 = 2056. ಸುಮಾರು 1.41 ಪಟ್ಟು.

ಅದೇ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡರೆ ಅಷ್ಟೇ ಒತ್ತಿಗೆ 41% ಹೆಚ್ಚು ಹಿಡಿತ ಸಿಗುತ್ತೆ. ಜೊತೆಗೆ ಲಿವರ್ ಕೂಡ ಅಷ್ಟೇ ಹೆಚ್ಚು ದೂರ ಒಳಗೆ ಬರುತ್ತೆ. ನಿನ್ನ ಮಾಸ್ಟರ್ ಮೇಲೆ 1/2 ಅಂತ ಅಚ್ಚಿದ್ದರೆ ಅದು ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದರ ಜೊತೆ ಈ ಕ್ಯಾಲಿಪರ್ ಹಾಕಿದರೆ ಲಿವರ್ ಹ್ಯಾಂಡಲ್ ಗ್ರಿಪ್ಪಿನ ಹತ್ತಿರಕ್ಕೆ ಬರಬಹುದು. ಆಗ ಗಾಳಿ ಉಳಿದಿದೆ ಅಂದುಕೊಂಡು ದಿನಗಟ್ಟಲೆ ಬ್ಲೀಡ್ ಮಾಡುತ್ತಾ, ಅಂದರೆ ಆಯಿಲಿನೊಳಗಿನ ಗಾಳಿ ಹೊರಗೆ ಬಿಡುತ್ತಾ, ಕೂರುವವರಿದ್ದಾರೆ. ಅಲ್ಲಿ ಗಾಳಿಯೇ ಇರಲ್ಲ, ಮಾಸ್ಟರ್ ಚಿಕ್ಕದು ಅಷ್ಟೆ. 14 ಮಿ.ಮೀ. ಮಾಸ್ಟರ್ ಹಾಕಿದರೆ ಹಳೆಯ ಅನುಪಾತಕ್ಕಿಂತ 16% ಜಾಸ್ತಿಯಲ್ಲಿ ನಿಲ್ಲುತ್ತೆ. ನನ್ನನ್ನು ಕೇಳಿದರೆ ಅದನ್ನೇ ಹಾಕು. 19 ಮಿ.ಮೀ. ಮಾಸ್ಟರ್ ಎರಡು ಡಿಸ್ಕಿನ ಬೈಕಿನದು. ಒಂದೇ ಡಿಸ್ಕಿಗೆ ಹಾಕಿದರೆ ಲಿವರ್ ಕಲ್ಲಿನ ಹಾಗೆ ಗಟ್ಟಿ, ಬ್ರೇಕ್ ಮಾತ್ರ ಹಿಡಿಯಲ್ಲ.

ಇನ್ನು ಕೂರುವ ಜಾಗ. ಕ್ಯಾಲಿಪರನ್ನು ಬೋಲ್ಟ್ ಮಾಡುವ ಕಿವಿಗಳ ರಂಧ್ರಗಳ ನಡುವಿನ ಅಂತರ ಅಳೆ, ನಡುವಿನಿಂದ ನಡುವಿಗೆ. ರೇಡಿಯಲ್ ಕ್ಯಾಲಿಪರುಗಳಲ್ಲಿ (ಬೋಲ್ಟ್ ಅಡ್ಡಕ್ಕಲ್ಲ, ಹಿಂದಿನಿಂದ ಹೋಗುವವು) 100 ಮತ್ತು 108 ಮಿ.ಮೀ. ಎರಡೂ ಇವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅಂತರ ಹೊಂದದಿದ್ದರೆ ಬ್ರಾಕೆಟ್ ಬೇಕು. ಅದನ್ನು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಬಿಲ್ಲೆಯಿಂದ ಅಥವಾ ಉಕ್ಕಿನಿಂದ ಕೊರೆಸು, ವೆಲ್ಡ್ ಮಾಡಿದ ಪಟ್ಟಿ ಖಂಡಿತ ಬೇಡ. ಬೋಲ್ಟ್ 8.8 ದರ್ಜೆಗಿಂತ ಕಮ್ಮಿ ಬೇಡ. ಅಲ್ಯೂಮಿನಿಯಂ ಒಳಗೆ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟಾದರೂ ಥ್ರೆಡ್ ಕಚ್ಚಿರಬೇಕು. 10 ಮಿ.ಮೀ. ಬೋಲ್ಟಾದರೆ 15 ಮಿ.ಮೀ. ಡಿಸ್ಕ್ ಕ್ಯಾಲಿಪರಿನ ಸರಿ ನಡುವೆ ಓಡಬೇಕು. ಜಾರುವ ಕ್ಯಾಲಿಪರ್ ತನ್ನಷ್ಟಕ್ಕೆ ನಡುವಿಗೆ ಬರುತ್ತೆ, ಇದು ಬರಲ್ಲ. ಎರಡೂ ಕಡೆಯ ಸಂದು ಅಳೆದು ಶಿಮ್ (ತೆಳು ಲೋಹದ ವಾಷರ್) ಹಾಕು. ಪ್ಯಾಡಿನ ಅಂಚು ಡಿಸ್ಕಿನಿಂದ ಹೊರಗೆ ಚಾಚಿಕೊಂಡಿದ್ದರೆ ಅಲ್ಲಿ ಸವೆಯದೆ ತುಟಿ ಬೆಳೆಯುತ್ತೆ. ಚಕ್ರವನ್ನು ಕೈಯಿಂದ ತಿರುಗಿಸಿ ಸ್ಪೋಕಿಗೆ ತಾಗುತ್ತಾ ನೋಡು.

ಹೋಸನ್ನು ಕ್ಯಾಲಿಪರಿಗೆ ಕಟ್ಟುವ, ಒಳಗೆ ಆಯಿಲ್ ಹರಿಯುವ ಬ್ಯಾಂಜೋ ಬೋಲ್ಟಿನಲ್ಲಿ ಎಷ್ಟೋ ಒಳ್ಳೆಯ ಕ್ಯಾಲಿಪರ್ ಹಾಳಾಗುತ್ತವೆ. 10 ಮಿ.ಮೀ. ಬೋಲ್ಟಿನಲ್ಲೇ 1.0 ಮತ್ತು 1.25 ಮಿ.ಮೀ. ಅಂತ ಎರಡು ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಇವೆ. ತಪ್ಪಿದ್ದು ಮೊದಲ ಎರಡು ಸುತ್ತು ಸುಮ್ಮನೆ ಹೋಗುತ್ತೆ, ಆಮೇಲೆ ಬಿಗಿ ಅನ್ನಿಸುತ್ತೆ. ಅಲ್ಲೇ ನಿಲ್ಲಿಸು. ಬೆರಳಲ್ಲೇ ಕೊನೆವರೆಗೂ ಇಳಿಯಬೇಕು. ಹೋಸ್ ಕಣ್ಣಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕು, ಒಟ್ಟು ಎರಡು. ಹಳೆಯದು ಒಮ್ಮೆ ಚಪ್ಪಟೆಯಾದ ಮೇಲೆ ಸೀಲ್ ಆಗುತ್ತೆ ಅಂತ ನಂಬಬೇಡ.

ಬಿಚ್ಚುವಾಗ ಒಂದು ಕ್ರಮ ಇಟ್ಟುಕೋ. ಕ್ಯಾಲಿಪರ್ ಫೋರ್ಕಿಗೆ ಅಂಟಿಕೊಂಡಿರುವಾಗಲೇ ಪ್ಯಾಡ್ ಪಿನ್ ಮತ್ತು ಬ್ಯಾಂಜೋ ಬೋಲ್ಟನ್ನು ಒಂಚೂರು ಸಡಿಲ ಮಾಡಿ ಮತ್ತೆ ಕೈಬಿಗಿ ಮಾಡು. ಕೆಳಗಿಳಿಸಿದ ಮೇಲೆ ಅವನ್ನು ಅಲುಗಿಸೋಕೆ ಆಧಾರ ಸಿಗಲ್ಲ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸು, ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತೆ. ಬಿದ್ದರೆ ಒರೆಸಬೇಡ, ನೀರು ಸುರಿ. ಹೊಸ ಕ್ಯಾಲಿಪರಿನ ಪಿಸ್ಟನ್‌ಗಳನ್ನು ಕೊಳೆ ತೊಳೆದ ನಂತರವೇ ಒಳಗೆ ಒತ್ತು. ಪೆಟ್ರೋಲ್, ಸಾದಾ ಗ್ರೀಸ್ ಎರಡೂ ಸೀಲ್ ರಬ್ಬರನ್ನು ಉಬ್ಬಿಸುತ್ತವೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಪಿಸ್ಟನ್ ಸುತ್ತ ಕೂತಿರುವ ಆ ಚೌಕ ಸೀಲೇ. ಅದು ಉಬ್ಬಿದರೆ ಬ್ರೇಕ್ ಹಿಡಿದುಕೊಂಡೇ ಓಡುತ್ತೆ.

ಬ್ಲೀಡಿಂಗ್ ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಬಲಗಡೆಯ ಕ್ಯಾಲಿಪರನ್ನು ಎಡಕ್ಕೆ ತಿರುಗಿಸಿ ಹಾಕಿದರೆ ಅದು ಕೆಳಗೆ ಹೋಗುತ್ತೆ, ಗಾಳಿ ಒಳಗೇ ಉಳಿಯುತ್ತೆ. ಚಿಕ್ಕ ಪಿಸ್ಟನ್ ಇರಬೇಕಾದ್ದು ಡಿಸ್ಕ್ ಒಳಹೊಗುವ ಕಡೆ, ಅದೂ ಉಲ್ಟಾ ಆಗುತ್ತೆ. ಮಾಸ್ಟರಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕು. ಡಾಟ್ 5 ಸಿಲಿಕೋನ್, ಡಾಟ್ 4ರ ಜೊತೆ ಸೇರಬಾರದು, 5.1 ಬೇರೆ, ಗೊಂದಲ ಬೇಡ. ಖಾಲಿ ಕ್ಯಾಲಿಪರ್ ಆದ್ದರಿಂದ ಸಿರಿಂಜಿನಲ್ಲಿ ನಿಪ್ಪಲ್ ಕಡೆಯಿಂದ ಮೇಲಕ್ಕೆ ತಳ್ಳು, ಗಾಳಿ ಹೋಗಲು ಇಷ್ಟಪಡುವ ದಾರಿಯೂ ಅದೇ. ಮೇಲಿನ ಡಬ್ಬಿ ತುಂಬಿ ಚೆಲ್ಲದ ಹಾಗೆ ನೋಡ್ಕೋ. ಆಮೇಲೆ ಮಾಮೂಲಿ ಕ್ರಮ: ಲಿವರ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಬಿಚ್ಚು, ಮುಚ್ಚು, ಆಮೇಲೆ ಲಿವರ್ ಬಿಡು. ಸ್ಕ್ರೂಡ್ರೈವರ್ ಹಿಡಿಯಿಂದ ಕ್ಯಾಲಿಪರನ್ನು ಮೆಲ್ಲಗೆ ತಟ್ಟುತ್ತಾ ಇರು, ಅಂಟಿಕೊಂಡ ಗುಳ್ಳೆಗಳು ಏಳುತ್ತವೆ. ಮೇಲಿನ ಬ್ಯಾಂಜೋದಲ್ಲಿ ಒಂದು ಗುಳ್ಳೆ ಕೂತಿರುತ್ತೆ, ಅದಕ್ಕೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಎತ್ತರಕ್ಕೆ ಬರುವ ಹಾಗೆ ಮಾಡು. ನಿನ್ನ ಬೈಕಿನಲ್ಲಿ ಎಬಿಎಸ್ ಇದ್ದರೆ, ಅದರ ಘಟಕಕ್ಕೆ ಗಾಳಿ ಹೊಕ್ಕಿದ್ದಲ್ಲಿ ಡಯಾಗ್ನೊಸ್ಟಿಕ್ ಉಪಕರಣದಿಂದ ಪಂಪ್ ಓಡಿಸಬೇಕಾಗಬಹುದು. ಆದ್ದರಿಂದ ಹೋಸ್ ಬಿಚ್ಚಿದ ತಕ್ಷಣ ಅದರ ಬಾಯಿ ಮುಚ್ಚು.

ಬೋಲ್ಟುಗಳನ್ನು ನಿನ್ನ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕಿಗೆ ಬಿಗಿ. ಹ್ಯಾಂಡಲ್ ಒಂದು ಕೊನೆಯಿಂದ ಇನ್ನೊಂದಕ್ಕೆ ತಿರುಗಿಸಿ, ಫೋರ್ಕ್ ಪೂರ್ತಿ ಒತ್ತಿ, ಹೋಸ್ ಎಳೆಯುತ್ತಾ, ಟೈರಿಗೆ ತಾಗುತ್ತಾ ನೋಡು. ಲಿವರನ್ನು ಒಂದು ನಿಮಿಷ ಜೋರಾಗಿ ಹಿಡಿ. ನಿಧಾನವಾಗಿ ಒಳಗೆ ಇಳಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸೀಲ್ ಹೋಗಿದೆ. ಅವತ್ತು ಬೈಕ್ ಹೊರಗೆ ತೆಗೆಯಬೇಡ, ಕಂದಾ.

ಕೊನೆಗೆ ಇದೊಂದು, ಮರೆಯಬೇಡ. ಪಿಸ್ಟನ್ ಒಳಗೆ ಒತ್ತಿರುವುದರಿಂದ ಮೊದಲ ಕೆಲವು ಒತ್ತಿಗೆ ಲಿವರ್ ಖಾಲಿ ಹೋಗುತ್ತೆ. ಸ್ಟ್ಯಾಂಡ್ ಮೇಲಿರುವಾಗಲೇ ಗಟ್ಟಿಯಾಗುವವರೆಗೂ ಪಂಪ್ ಮಾಡು, ಆಮೇಲೆ ತಳ್ಳಿಕೊಂಡು ಹೋಗಿ ಹಿಡಿದು ನೋಡು, ಆಮೇಲೆ ಎಂಜಿನ್. ಹೊಸ ಪ್ಯಾಡ್ ಮೊದಲ ದಿನ ಅರ್ಧಂಬರ್ಧ ಹಿಡಿಯುತ್ತೆ. ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 50 ಕಿ.ಮೀ.ಯಿಂದ 15ಕ್ಕೆ ಮೆಲ್ಲಗೆ ಇಳಿಸು, ನಡುವೆ ತಣ್ಣಗಾಗಲು ಬಿಡು, ಹದಿನೈದಿಪ್ಪತ್ತು ಸಲ. ಬಿಸಿಯಾಗಿರುವಾಗ ಬ್ರೇಕ್ ಹಿಡಿದೇ ನಿಲ್ಲಬೇಡ, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂತು ಆಮೇಲೆ ಲಿವರ್ ನಡುಗುತ್ತೆ. ಮನೆಗೆ ಬಂದು ಬ್ಯಾಂಜೋ ಸುತ್ತ ಒಣ ಕಾಗದ ಒತ್ತಿ ನೋಡು. ಒದ್ದೆಯಿದ್ದರೆ ನನಗೆ ಫೋನ್ ಮಾಡು.

ಅಮ್ಮ