‘ಶಾಂತ’ ಅಂತ ಬರೆದರೆ ಪಾಠ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಪರೀಕ್ಷೆ ಹತ್ತಿರ ಬಂತೆಂದರೆ ಎಲ್ಲರ ಕೈಯಲ್ಲೂ ಗೈಡ್. ಅದರಲ್ಲಿ ಪದಗಳ ಉದ್ದನೆಯ ಪಟ್ಟಿ. ಕಾಮ್ (calm) ಅಂದರೆ ಶಾಂತ, ಸಿರೀನ್ ಅಂದರೆ ಶಾಂತ, ಪ್ಲಾಸಿಡ್, ಟ್ರ್ಯಾಂಕ್ವಿಲ್ ಅಂದರೂ ಶಾಂತವೇ. ಸಮಾನಾರ್ಥಕ ಪದ ಕೇಳಿದರೆ ಒಂದು ಅಂಕ ಸಿಗುತ್ತದೆ, ನಿಜ. ಆದರೆ ಸ್ವಂತ ವಾಕ್ಯ ಬರೆಯಿರಿ ಅಂದರೆ ಮಕ್ಕಳು ಸುಮ್ಮನೆ ಕೂತುಬಿಡುತ್ತಾರೆ. ಬರೆದರೂ ‘ನಮ್ಮ ಕ್ಲಾಸ್ ಪ್ಲಾಸಿಡ್ ಆಗಿದೆ’ ಅಂತ ಬರೆಯುತ್ತಾರೆ. ಯಾವ ಪದವನ್ನು ಎಲ್ಲಿ ಬಳಸಬೇಕು ಅಂತ ಆ ಗೈಡ್ ಹೇಳಿಯೇ ಇಲ್ಲವಲ್ಲ!

ಹೇಳುವುದು ಕಷ್ಟವೂ ಅಲ್ಲ. ಗಾಳಿ ಇಲ್ಲದ ಬೆಳಿಗ್ಗೆ ನಮ್ಮ ಕಲಬುರಗಿಯ ‘ಅಪ್ಪನ ಕೆರೆ’ಯ ನೀರು ಅಲ್ಲಾಡದೆ ನಿಂತಿರುತ್ತದೆ, ಅದು ಪ್ಲಾಸಿಡ್. ಬುದ್ಧ ವಿಹಾರದಲ್ಲಿರುವ ಬುದ್ಧನ ಮುಖಕ್ಕೆ ಸಿರೀನ್ ಚೆನ್ನಾಗಿ ಒಪ್ಪುತ್ತದೆ. ಊರಿನ ಗದ್ದಲದಿಂದ ದೂರದ ಹೊಲ, ತೋಟಕ್ಕೆ ಟ್ರ್ಯಾಂಕ್ವಿಲ್. ಕ್ಲಾಸಿನಲ್ಲಿ ಸದ್ದಿಲ್ಲದಿದ್ದರೆ ಅದು ಕ್ವೈಟ್, ಅಷ್ಟೇ. ಬಾಯಿ ಮುಚ್ಚಿಕೊಂಡು ಒಳಗೊಳಗೇ ಕುದಿಯುವ ಮನುಷ್ಯನೂ ಕ್ವೈಟ್ ಆಗಿರಬಹುದು, ಅವನು ಕಾಮ್ ಅಲ್ಲ.

ಕಾಮ್ ಪದವನ್ನೇ ನೋಡಿ. ಸ್ಪೆಲ್ಲಿಂಗ್‌ನಲ್ಲಿ ಎಲ್ ಇದೆ, ಉಚ್ಚಾರದಲ್ಲಿ ಇಲ್ಲ. ಎಷ್ಟೋ ಮಕ್ಕಳು ‘ಕಾಲ್ಮ್’ ಅಂತಲೇ ಕಲಿತಿರುತ್ತಾರೆ. ಭಾಷಾ ಪಂಡಿತರು ಇದರ ಬೇರನ್ನು ಗ್ರೀಕ್‌ನ ‘ಕೌಮ’ ಎಂಬ ಪದದಲ್ಲಿ ಗುರುತಿಸುತ್ತಾರೆ. ಅದರ ಅರ್ಥ ಉರಿ ಬಿಸಿ! ಲ್ಯಾಟಿನ್, ಇಟಾಲಿಯನ್ ದಾಟಿ ಬರುವಷ್ಟರಲ್ಲಿ ಬಿಸಿಲೇರಿ ಕೆಲಸ ನಿಂತು, ಎಲ್ಲರೂ ನೆರಳು ಸೇರುವ ಹೊತ್ತು ಎಂಬ ಅರ್ಥ ಬಂತು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಮುಂದೆ ಹಡಗಿನವರಿಗೆ ಇದು ಅಳತೆಯ ಮಾತೂ ಆಯಿತು. ಗಾಳಿಯ ವೇಗ ಹೇಳುವ ಬ್ಯೂಫೋರ್ಟ್ ಮಾಪಕದಲ್ಲಿ ಕಾಮ್ ಅಂದರೆ ಸೊನ್ನೆ, ಹೊಗೆ ನೆಟ್ಟಗೆ ಮೇಲೇರುವ ಸ್ಥಿತಿ. ಇಷ್ಟು ಹೇಳಿದರೆ ಮಕ್ಕಳು ಆ ಪದವನ್ನು ಮರೆಯುವುದಿಲ್ಲ. ನಾನು ಕ್ಲಾಸಿನಲ್ಲಿ ಕಂಡಿದ್ದೇನೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಸ್ಪತ್ರೆ, ಬ್ಯಾಂಕ್, ಮೊಬೈಲ್ ಅಂಗಡಿಗಳ ಕೌಂಟರ್‌ನಲ್ಲಿ ಕೂರುವ ನಮ್ಮ ಹುಡುಗ ಹುಡುಗಿಯರು ಸಿಟ್ಟಾದ ಹಿರಿಯರಿಗೆ ‘ಕಾಮ್ ಡೌನ್ ಅಂಕಲ್’ ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ‘ಸಮಾಧಾನ ಮಾಡ್ಕೋರಿ’. ಕೇಳಿದವರಿಗೆ ಅದು ‘ಸುಮ್ನಿರು’ ಅಂದ ಹಾಗೆ ತಾಗುತ್ತದೆ. ನಮ್ಮ ಮಾತಿನಲ್ಲಿ ಕೊನೆಗೊಂದು ‘ರೀ’ ಸೇರಿದರೆ ಆಜ್ಞೆಯೂ ಮೆತ್ತಗಾಗುತ್ತದೆ. ಇಂಗ್ಲಿಷಿಗೆ ಆ ಅನುಕೂಲ ಇಲ್ಲ. ಅಲ್ಲಿ ‘ಐ ಅಂಡರ್‌ಸ್ಟ್ಯಾಂಡ್ ಸರ್, ಲೆಟ್ ಮಿ ಚೆಕ್’ ಅನ್ನಬೇಕು. ಕೆಲಸಕ್ಕೆ ಸೇರುವ ಮಕ್ಕಳಿಗೆ ಇದನ್ನು ಯಾವ ಪದಪಟ್ಟಿ ಹೇಳಿಕೊಡುತ್ತದೆ?

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿದ್ದವು. ಹೇಗಾದರೂ ಪಾಸಾಗಲಿ ಎಂಬ ಒತ್ತಡ ಶಾಲೆಗಳ ಮೇಲೆ ಇದೆ. ಆ ಒತ್ತಡದಲ್ಲೇ ಬಾಯಿಪಾಠ ಜಾಸ್ತಿಯಾಗಿದೆ. ಹೀಗೆ ಕಲಿತ ಪದ ಪರೀಕ್ಷೆ ಮುಗಿದ ವಾರಕ್ಕೆ ನೆನಪಿನಿಂದ ಹೋಗಿರುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ವಿದ್ಯಾರ್ಥಿಗಳ ಪುಟದಲ್ಲಿ ಇಂಗ್ಲಿಷ್ ಪದ ಕೊಡುವಾಗ ಅರ್ಥದ ಜೊತೆ ಎರಡು ವಾಕ್ಯ, ಸರಿಯಾದ ಉಚ್ಚಾರ ಕೊಡಿ. ಒಂದು ವಾಕ್ಯವಾದರೂ ನಮ್ಮ ಕಡೆಯದಾಗಿರಲಿ. ಬೀದರ್ ಕೋಟೆಯೋ, ಭೀಮಾ ನದಿಯೋ, ತೊಗರಿ ಹೊಲವೋ ಅದರಲ್ಲಿ ಬರಲಿ. ಐದು ಪದಗಳ ಜಾಗದಲ್ಲಿ ಒಂದೇ ಪದ ಬಂದರೂ ಪರವಾಗಿಲ್ಲ. ನಮ್ಮ ಶಾಲೆಯ ಮಕ್ಕಳು ಬರೆದ ವಾಕ್ಯಗಳನ್ನು ಕಳಿಸಿಕೊಡಲು ನಾನು ಸಿದ್ಧ.

ಇಂತಿ,
ಒಬ್ಬ ಇಂಗ್ಲಿಷ್ ಶಿಕ್ಷಕಿ, ಕಲಬುರಗಿ