ನನ್ನ ತಮ್ಮ ಹಾಸ್ಟೆಲಿಗೆ ಹೊರಡುವ ಮುಂಚೆ

ಪ್ರೀತಿಯ ಅಪ್ಪ, ಅಮ್ಮ,

ನಿಮ್ಮಿಬ್ಬರಿಗೂ ನಮಸ್ಕಾರಗಳು. ಇಂಗ್ಲೆಂಡಿನಲ್ಲಿ ನಾನು ಕ್ಷೇಮ. ಫೋನಿನಲ್ಲಿ ಹೇಳಿದರೆ ಅಮ್ಮ ಅಳುತ್ತಾಳೆ, ಅಪ್ಪ ಮಾತು ಬದಲಿಸುತ್ತಾರೆ. ಅದಕ್ಕೇ ಕಾಗದ. ತಮ್ಮನನ್ನು ಕಾಲೇಜಿಗೆ ಸೇರಿಸುವ ಮುಂಚೆ ನೀವಿಬ್ಬರೂ ನಿಧಾನವಾಗಿ ಕೂತು ಓದಿ.

ಹೋದ ಚಳಿಗಾಲದಲ್ಲಿ ನನಗೆ ಖಿನ್ನತೆ ಬಂದಿತ್ತು. ಗಾಬರಿಯಾಗಬೇಡಿ, ಈಗ ಹುಷಾರಾಗಿದ್ದೇನೆ. ಆಗ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ, ಅದೇ ಪುಟ ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ನಿಮ್ಮ ವಿಡಿಯೋ ಕಾಲ್ ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಲೈಟ್ ಹಾಕಿಕೊಂಡು ಕೂರುತ್ತಿದ್ದೆ. ನೀವು ಫೋನ್ ಇಟ್ಟ ಮೇಲೆ ಲೈಟ್ ಆರಿಸಿ ಮಲಗಿಬಿಡುತ್ತಿದ್ದೆ. ಇಂಥದ್ದು ಎರಡು ವಾರ ಬಿಡದೆ ಕಾಡಿದರೆ ಡಾಕ್ಟರನ್ನು ಕಾಣಬೇಕು. ಕಂಡೆ. ಯೂನಿವರ್ಸಿಟಿಯಲ್ಲೇ ಕೌನ್ಸೆಲರ್ ಇದ್ದಾರೆ, ಅವರಿಗೆ ದುಡ್ಡು ಕೊಡಬೇಕಾಗಿಲ್ಲ.

ಓದು ಕಷ್ಟವಾಗಿ ಹೀಗಾಯಿತು ಅಂದುಕೊಳ್ಳಬೇಡಿ. ಓದು ಎಲ್ಲರಿಗೂ ಕಷ್ಟವೇ. ಆದರೆ ಅಪ್ಪ ಅಮ್ಮ ಕಾಲೇಜು ಕಂಡ ಮನೆಗಳಲ್ಲಿ, ಒಂದು ಸಬ್ಜೆಕ್ಟ್ ಹೋದರೆ "ಹೋಗಲಿ ಬಿಡು, ನಾನೂ ಎರಡು ಸಲ ಕಟ್ಟಿದ್ದೆ" ಅನ್ನುವವರು ಇರುತ್ತಾರೆ. ಮನೆಗೇ ಮೊದಲಿಗರಾಗಿ ಕಾಲೇಜಿಗೆ ಬಂದ ನನ್ನಂಥವರಿಗೆ ಆ ಮಾತು ಹೇಳುವವರಿಲ್ಲ. ಅರ್ಥವಾಗಲಿಲ್ಲ ಅಂತ ಮೇಷ್ಟ್ರ ರೂಮಿಗೆ ಹೋಗಬಹುದಾ, ಹುಷಾರಿಲ್ಲದಿದ್ದರೆ ಅಸೈನ್‌ಮೆಂಟಿಗೆ ಟೈಮ್ ಕೇಳಬಹುದಾ, ಇಷ್ಟು ಸಣ್ಣ ವಿಷಯವೂ ಗೊತ್ತಿರುವುದಿಲ್ಲ. ಪಕ್ಕದವರಿಗೆ ಎಲ್ಲ ಗೊತ್ತಿರುವಂತೆ ಕಾಣುತ್ತದೆ. ಆಗ, ಇದು ನಮ್ಮಂಥವರಿಗಲ್ಲ, ಯಾರೋ ತಪ್ಪಿ ಸೀಟು ಕೊಟ್ಟಿದ್ದಾರೆ ಅನ್ನಿಸಲು ಶುರುವಾಗುತ್ತದೆ.

ಇದಕ್ಕಿಂತ ಭಾರವಾದದ್ದು ಇನ್ನೊಂದಿದೆ. "ನಮ್ಮ ಕಷ್ಟ ನಿನಗೆ ಬೇಡ, ನೀನಾದರೂ ಓದು" ಅಂತ ನೀವು ಪ್ರೀತಿಯಿಂದಲೇ ಹೇಳಿದ್ದು. ಆದರೆ ಬೆಚ್ಚನೆಯ ರೂಮಿನಲ್ಲಿ ಕೂತವಳಿಗೆ, ಅಪ್ಪ ಈ ಹೊತ್ತಿಗೂ ದುಡಿಯುತ್ತಿದ್ದಾರೆ, ನಾನು ಸುಸ್ತು ಅನ್ನಲಿಕ್ಕೆ ಯಾವ ಮುಖ ಇದೆ ಅನ್ನಿಸುತ್ತದೆ. ಹಾಗಾಗಿ ಯಾರಿಗೂ ಹೇಳುವುದಿಲ್ಲ. ನನ್ನ ಕ್ಲಾಸಿನ ಇಲ್ಲಿಯದೇ ಹುಡುಗಿಯೊಬ್ಬಳು, ಅವಳೂ ಮನೆಗೆ ಮೊದಲಿಗಳು, ಇದೇ ಮಾತು ಹೇಳಿದಾಗ ನನಗೆ ಎಷ್ಟೋ ಹಗುರಾಯಿತು.

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಮಾತು ಕೇಳಿಸಿದರು. ನಾವು ಎಂಥ ಮನೆಯಿಂದ ಬಂದೆವು, ಏನು ಕಷ್ಟವಾಯಿತು, ಹೇಗೆ ನಿಭಾಯಿಸಿದೆವು, ಅಷ್ಟೇ. ಮೊದಲ ವರ್ಷ ಮುಗಿಯುವಾಗ ಮನೆಗೆ ಮೊದಲಿಗರಾಗಿ ಬಂದವರಿಗೂ ಉಳಿದವರಿಗೂ ಅಂಕಗಳಲ್ಲಿ ಇದ್ದ ಅಂತರ ಕಡಿಮೆಯಾಗಿತ್ತು. ಮೇಷ್ಟ್ರ ಹತ್ತಿರ ಹೋಗಿ ಸಹಾಯ ಕೇಳುವುದೂ ಹೆಚ್ಚಿತ್ತು. 2014ರಲ್ಲಿ ಬಂದ ಅಧ್ಯಯನ ಇದು. ತಮ್ಮನಿಗೆ ಆ ಮಾತು ನಾನೇ ಹೇಳುತ್ತೇನೆ, ನನಗಾದದ್ದನ್ನೂ ಮುಚ್ಚಿಡುವುದಿಲ್ಲ.

ನೀವು ಮಾಡಬೇಕಾದ್ದೂ ಇದೆ. ಅವನು ಫೋನ್ ಮಾಡಿದ ಕೂಡಲೇ ಮಾರ್ಕ್ಸ್ ಕೇಳಬೇಡಿ. ನಿದ್ದೆ ಬರುತ್ತಾ, ಜೊತೆಗೆ ಯಾರಿದ್ದಾರೆ ಅಂತ ಕೇಳಿ. ಸಾಲದ ಮಾತು ಅವನ ಮುಂದೆ ಬೇಡ. ಫೇಲಾದರೂ ಮನೆಗೆ ಬಾ ಅಂತ ಅಪ್ಪ ಸ್ವತಃ ಬಾಯಿಬಿಟ್ಟು ಹೇಳಲಿ, ಅಮ್ಮ ಹೇಳಿದರೆ ಸಾಲದು. ಮಾತು ಕಡಿಮೆಯಾದರೆ, ರಜೆಗೂ ಬರದಿದ್ದರೆ, ಬಸ್ಸು ಹತ್ತಿ ಹೋಗಿ ನೋಡಿ. ಟೆಲಿ ಮಾನಸ್ ಅಂತ 2022ರಲ್ಲಿ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಡಿ.

ನೆಂಟರಿಗೆ ಗೊತ್ತಾದರೆ ಏನಂದಾರು ಅಂತ ಅಪ್ಪನಿಗೆ ಅನ್ನಿಸುತ್ತದೆ, ನನಗೆ ಗೊತ್ತು. ಮಾನಸಿಕ ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅಂದವರು ಅನ್ನಲಿ, ನಮಗೆ ಅವನು ಮುಖ್ಯ.

ಭಾನುವಾರ ಫೋನ್ ಮಾಡುತ್ತೇನೆ. ಏನು ಕೇಳಬೇಕು ಅನ್ನಿಸಿದರೂ ಕೇಳಿ.

ಇತಿ ನಿಮ್ಮ ಮಗಳು